ಮಲಗುವ ಪಾಳಿ

"ಸಾಲಿನಲ್ಲಿ ಎಷ್ಟು ತಲೆಯೋ ಅಷ್ಟೇ ಪೊಟ್ಟಣ" ಎಂದು ಜಶುಬೆನ್ ಟೆಂಪೋದ ಹಿಂಬಾಗಿಲು ಮುಚ್ಚಿಸಿದಾಗ ಸೀಮಾಂಚಲನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ಊಟದ ಪೊಟ್ಟಣಗಳಲ್ಲಿ ಅರ್ಧ ಇನ್ನೂ ಟೆಂಪೋದಲ್ಲೇ ಇದ್ದವು. ಸಾಲಿಗೆ ಬಂದವರೂ ಅರ್ಧ ಜನವೇ. ಉಳಿದವರು ಮೇಲಿನ ಮಹಡಿಯ ಕೋಣೆಯಲ್ಲಿ ಮಲಗಿದ್ದರು. ಅದನ್ನು ಹೇಳಿ ಹೇಳಿ ಅವನ ಗಂಟಲು ಒಣಗಿತ್ತು.

ಲಾಕ್‌ಡೌನ್ ಬಿದ್ದು ಸೂರತ್ತಿನ ಮಗ್ಗಗಳು ನಿಂತಾಗ, ಒಡಿಶಾದ ಗಂಜಾಂ ಕಡೆಯಿಂದ ಬಂದ ಮಗ್ಗದ ಕೂಲಿಗಳಿಗೆ ಸೀಮಾಂಚಲ ನಡೆಸುತ್ತಿದ್ದ ಮೆಸ್ಸೂ ನಿಂತಿತು. ಅಕ್ಕಿ ಮೂಟೆ ತಳ ಕಂಡಿತು, ಸಿಲಿಂಡರ್ ಬರಿದಾಯಿತು. ಆಗ ತಾನಾಗಿಯೇ ಹುಡುಕಿಕೊಂಡು ಬಂದವಳು ಜಶುಬೆನ್. ಕತಾರ್‌ಗಾಮ್ ಬಡಾವಣೆಯ ಪಟೇಲರ ಮನೆಯಾಕೆ. ತನ್ನ ಓಣಿಯ ಹೆಂಗಸರನ್ನೆಲ್ಲ ಕೂಡಿಸಿ, ಬೆಳಗಿನಿಂದ ಪೂರಿ ಲಟ್ಟಿಸಿ ಕರಿದು, ಗಂಡನ ಟೆಂಪೋದಲ್ಲಿ ಹೇರಿಕೊಂಡು ಮಧ್ಯಾಹ್ನ ಬರುತ್ತಿದ್ದಳು. ಕೈ ಧಾರಾಳ, ನಾಲಿಗೆ ಮಾತ್ರ ಮೆಣಸಿನಕಾಯಿ. ಪಕ್ಕದ ಓಣಿಯಲ್ಲಿ ಯಾರೋ ಹೆಚ್ಚಿಗೆ ಪೊಟ್ಟಣ ಇಸಿದುಕೊಂಡು ಮಾರಿಕೊಂಡರು ಎಂಬ ಸುದ್ದಿ ಕಿವಿಗೆ ಬಿದ್ದಂದಿನಿಂದ ಒಂದೇ ಹಟ: ತಿನ್ನುವವನೇ ಬಂದು ನಿಲ್ಲಬೇಕು, ಅವನ ಕೈಗೇ ಕೊಡಬೇಕು.

ಹಾಗಾಗಿ ದಿನವೂ ಒಂದು ಪೊಟ್ಟಣವನ್ನು ಇಬ್ಬರಿಗೆ ಹರಿದು ಹಂಚುವ ಕರ್ಮ ಸೀಮಾಂಚಲನದು. ಬಿಸಿಲಲ್ಲಿ ನಿಂತವರು, ನಾವು ಬೇಯುತ್ತ ನಿಲ್ಲುವುದು, ಅವರು ಗೊರಕೆ ಹೊಡೆದು ತಿನ್ನುವುದು, ಇದ್ಯಾವ ನ್ಯಾಯ ಎನ್ನುತ್ತಿದ್ದರು. ಎದ್ದು ಬಂದವರು, ನಮಗೆ ಬರೀ ಹರಕು ಪೂರಿ ಉಳಿಸಿದ್ದೀಯ ಎಂದು ಮುಖ ತಿರುಗಿಸುತ್ತಿದ್ದರು. ಆಲೂಗಡ್ಡೆ ಪಲ್ಯಕ್ಕೆ ಸಕ್ಕರೆ ಹಾಕಿದ್ದಕ್ಕೂ ಎರಡೂ ಕಡೆಯವರು ಬೈಯುತ್ತಿದ್ದದ್ದು ಅವನನ್ನೇ, ತಾನೇ ಒಲೆ ಮುಂದೆ ನಿಂತು ಹಾಕಿದ ಹಾಗೆ.

"ಮಲಗಿದಾರೆ ಬೆನ್, ಅವರದು ರಾತ್ರಿ ಪಾಳಿ" ಎಂದು ಇವತ್ತೂ ಅವನು ಗೋಗರೆದ.

"ಮಗ್ಗವೇ ನಿಂತಿದೆ, ಪಾಳಿ ಎಲ್ಲಿಂದ ಬಂತಪ್ಪ? ಏನು ಕಡಿದು ಕಟ್ಟೆ ಹಾಕಿ ಮಟಮಟ ಮಧ್ಯಾಹ್ನ ಮಲಗಿದಾರೆ? ನಮ್ಮ ಹೆಂಗಸರು ಎಣ್ಣೆ ಮುಂದೆ ಕೈ ಸುಟ್ಕೊಂಡು ಮಾಡಿರೋದು ಇದು. ಇಳಿದು ಬರೋಕೂ ಸೋಮಾರಿತನ ಅಂದ್ರೆ ಅವರಿಗೆ ಹಸಿವಿಲ್ಲ ಅಂತ ಅರ್ಥ."

ಇದಕ್ಕಿಂತ ಹೆಚ್ಚಿಗೆ ಸೀಮಾಂಚಲ ಬಾಯಿ ಬಿಡುವಂತಿರಲಿಲ್ಲ. ಕೋಣೆಯಲ್ಲಿ ಎಷ್ಟು ಜನ ಇದ್ದಾರೆಂದು ಹೊರಗೆ ಗೊತ್ತಾದರೆ ಪೊಲೀಸರು ಬಂದು ಬೀಗ ಜಡಿಯುತ್ತಾರೆ, ಹುಷಾರು ಎಂದು ಮನೆಯ ಮಾಲೀಕ ಮೊದಲೇ ಹೆದರಿಸಿ ಹೋಗಿದ್ದ. ಆದರೆ ಟೆಂಪೋ ಗುರುಗುಟ್ಟುತ್ತ ಹಿಂದಕ್ಕೆ ಸರಿದದ್ದೇ ಅವನ ಸಹನೆ ಕಿತ್ತುಹೋಯಿತು.

"ಹಂಗಾದ್ರೆ ನೀವೇ ಮೇಲೆ ಬಂದು ನೋಡಿ. ನಾನು ಹೇಳಿದ್ದು ಸುಳ್ಳಾದ್ರೆ ನಾಳೆಯಿಂದ ಈ ಓಣಿ ಕಡೆ ತಲೆನೂ ಹಾಕಬೇಡಿ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಜಶುಬೆನ್ ಬಿಡುವ ಹೆಂಗಸಲ್ಲ. ಟೆಂಪೋ ನಿಲ್ಲಿಸಿ ಇಳಿದು, ಮಾಸ್ಕು ಮೂಗಿನ ಮೇಲಕ್ಕೆಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತೋಳ ತುಂಬ ಪೊಟ್ಟಣ ಪೇರಿಸಿಕೊಂಡು ಮೆಟ್ಟಿಲು ಹತ್ತಿಯೇಬಿಟ್ಟಳು. ಮೆಟ್ಟಿಲಿನ ಉದ್ದಕ್ಕೂ ಆಗಲೇ ಉಂಡವರು ಕುಳಿತಿದ್ದರು, ತೊಡೆಯ ಮೇಲೆ ಮಡಿಸಿದ ಹೊದಿಕೆ ಇಟ್ಟುಕೊಂಡು. ಒಬ್ಬೊಬ್ಬರೂ ಗೋಡೆಗೆ ಒತ್ತಿಕೊಂಡು ಅವಳಿಗೆ ದಾರಿ ಬಿಟ್ಟರು. ಬಾಗಿಲಲ್ಲಿ ಆಕೆ ನಿಂತಳು. ಕಾಲಿಡಲು ನೆಲವೇ ಕಾಣಿಸಲಿಲ್ಲ. ಒಬ್ಬನ ತಲೆಗೆ ಒಬ್ಬನ ಕಾಲು, ಒಬ್ಬನ ಬೆನ್ನಿಗೆ ಒಬ್ಬನ ಎದೆ, ಈ ಗೋಡೆಯಿಂದ ಆ ಗೋಡೆಯವರೆಗೆ ಮನುಷ್ಯರೇ.

ಸೀಮಾಂಚಲ ದನಿ ತಗ್ಗಿಸಿ ಎಲ್ಲ ಹೇಳಿದ. ಮಗ್ಗ ನಡೆಯುವಾಗ ಹಗಲು ಪಾಳಿಯವರು ಕೆಲಸಕ್ಕೆ ಹೊರಟ ಮೇಲೆ ರಾತ್ರಿ ಪಾಳಿಯವರು ಬಂದು ಅದೇ ಬಿಸಿ ಆರದ ಜಾಗದಲ್ಲಿ ಬಿದ್ದುಕೊಳ್ಳುತ್ತಿದ್ದರು. ಈಗ ಎರಡೂ ಪಾಳಿಯವರು ಮನೆಯಲ್ಲೇ ಇದ್ದಾರೆ. ಜನ ಇಮ್ಮಡಿಯಾದರು, ನೆಲ ಅಷ್ಟೇ ಇದೆ. ಅದಕ್ಕೇ ಮಗ್ಗ ಇಲ್ಲದಿದ್ದರೂ ಮಲಗುವುದಕ್ಕೆ ಪಾಳಿ ಬಿಟ್ಟಿಲ್ಲ.

ಜಶುಬೆನ್ ಬಾಗಿಲ ಬಳಿ ಮಲಗಿದ್ದ ತ್ರಿನಾಥ ಎಂಬ ಹುಡುಗನ ಭುಜವನ್ನು ಮೆಲ್ಲಗೆ ಅಲುಗಿಸಿದಳು. "ಏಳು ಮಗಾ, ಇನ್ನೂ ಬಿಸಿ ಇದೆ, ತಿನ್ನು." ಸೀಮಾಂಚಲ ಬೇಡ ಎನ್ನುವಷ್ಟರಲ್ಲಿ ತ್ರಿನಾಥ ದಡಬಡಿಸಿ ಎದ್ದಾಗಿತ್ತು. ನಿದ್ದೆಗಣ್ಣಿನಲ್ಲೇ ಎರಡೂ ಕೈ ಚಾಚಿ ಪೊಟ್ಟಣ ಇಸಿದುಕೊಂಡ. ಬಿಚ್ಚಿ ತಿನ್ನಲು ಜಾಗ ಬೇಕಲ್ಲ ಎಂದು ಹೊಸ್ತಿಲಾಚೆ ಬಂದು ನಿಂತ.

ಅಷ್ಟೇ ಸಾಕಾಯಿತು. ಮೇಲಿನ ಮೆಟ್ಟಿಲಲ್ಲಿ ಕುಳಿತಿದ್ದವನೊಬ್ಬ ಜಶುಬೆನ್ ಪಕ್ಕದಿಂದ ನುಸುಳಿ, ಆ ಖಾಲಿ ಜಾಗದಲ್ಲಿ ಉರುಳಿ, ಮುಸುಕೆಳೆದುಕೊಂಡ.

ತ್ರಿನಾಥ ಆ ಮುಸುಕನ್ನು ನೋಡಿದ. ಕೈಯಲ್ಲಿದ್ದ ಪೊಟ್ಟಣ ನೋಡಿದ. ಅವನ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಬಿಚ್ಚಿದ ಕಾಗದವನ್ನು ಮತ್ತೆ ಮೊದಲಿನಂತೆ ಮಡಿಸಿ ಆಕೆಯ ಮುಂದೆ ಹಿಡಿದ.

"ಬೆನ್, ಇದನ್ನ ವಾಪಸ್ ಕೊಟ್ರೆ ನನ್ನ ಜಾಗ ಸಿಗುತ್ತಾ?"