ಒಳಮೆಟ್ಟಿಲು

"ಮೊದ್ಲು ಆ ಬೋರ್ಡ್ ತೆಗಿಯಮ್ಮ. ಇವತ್ತೇ ತೆಗಿ."

ಕೆಳಗಿನ ಬಟ್ಟೆ ಅಂಗಡಿಯ ಹಾಲಸ್ವಾಮಿ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತು ಹೀಗಂದಾಗ ಹೇಮಶ್ರೀ ಕುರ್ಚಿಯಿಂದ ಎದ್ದು ನಿಂತಳು. ಗಾಂಧಿ ಬಜಾರಿನ ಈ ಮಹಡಿಯ ಕೋಣೆ ಅವರದೇ. ಖಾಲಿ ಮಾಡು ಅನ್ನುವುದಕ್ಕೆ ಇದು ಪೀಠಿಕೆ ಎಂದುಕೊಂಡಳು. ಅನ್ನದೆ ಏನು ಮಾಡಿಯಾರು? ಮನಃಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಬೀದಿಗೆಲ್ಲ ಕಾಣುವ ಹಾಗೆ 'ಆಪ್ತಸಮಾಲೋಚನೆ' ಎಂದು ಬೋರ್ಡು ಹಾಕಿ ಮೂರು ತಿಂಗಳಾಗಿತ್ತು. ಮೆಟ್ಟಿಲು ಹತ್ತಿ ಬಂದವನು ಕರೆಂಟ್ ಬಿಲ್ಲಿನವನೊಬ್ಬನೇ. ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಬರುವುದು, ಖಾಲಿ ಕುರ್ಚಿ ನೋಡುತ್ತ ಕೂರುವುದು, ಸಂಜೆ ಬಸ್ಸು ಹತ್ತುವುದು. "ಇವತ್ತು ಯಾರಾದ್ರೂ ಬಂದ್ರಾ ಮಗಳೇ?" ಎನ್ನುತ್ತಿದ್ದ ಅಪ್ಪ ನಾಗಯ್ಯ ಈಗೀಗ ಕೇಳುವುದನ್ನೇ ಬಿಟ್ಟಿದ್ದರು. ಈ ನಡುವೆ ಕೋಚಿಂಗ್ ಸೆಂಟರೊಂದು ಅಡ್ಮಿಷನ್ ಕೌಂಟರಿನಲ್ಲಿ ಕೂತು ಪೋಷಕರಿಗೆ ಫೋನು ಮಾಡುವ ಕೆಲಸಕ್ಕೆ ಕರೆದಿತ್ತು. ಹದಿನೆಂಟು ಸಾವಿರ ಸಂಬಳ. ಶನಿವಾರದೊಳಗೆ ಹೂಂ ಅನ್ನಬೇಕು.

"ಬೇರೆ ಕಡೆ ಕೆಲಸಕ್ಕೆ ಕರೆದಿದಾರೆ, ತಿಂಗಳ ಕೊನೆಗೆ ರೂಮು ಬಿಟ್ಬಿಡ್ತೀನಿ ಅಂಕಲ್," ಅಂದಳು.

"ಬಿಡು ಅಂದೋರ್ಯಾರು ಮಾರಾಯ್ತಿ? ಬೋರ್ಡ್ ತೆಗಿ ಅಂದೆ ಅಷ್ಟೆ. ಎದುರಿಗೆ ಪಾತ್ರೆ ಅಂಗಡಿ, ಪಕ್ಕದಲ್ಲಿ ಬಳೆ ಅಂಗಡಿ. ನಿನ್ನ ಮೆಟ್ಲು ಹತ್ತಿದೋರು ಇಳಿಯೋದ್ರೊಳಗೆ ಸುದ್ದಿ ಕೋಟೆ ರಸ್ತೆ ತನಕ ಮುಟ್ಟಿರುತ್ತೆ! ಒಬ್ಬ ಹೆಣ್ಮಗಳು ಮೂರು ಸಲ ಮೆಟ್ಲ ತನಕ ಬಂದ್ಲು. ಮೂರು ಸಲನೂ ಆ ಕಡೆ ಈ ಕಡೆ ನೋಡಿ, ನನ್ನ ಅಂಗಡಿಗೆ ನುಗ್ಗಿ ಲೈನಿಂಗ್ ಬಟ್ಟೆ ತಗೊಂಡು ಹೋದ್ಲು. ಅಷ್ಟು ಲೈನಿಂಗ್ ಯಾರಿಗಮ್ಮ ಬೇಕು?"

ಹೇಮಶ್ರೀಗೆ ನಗು ಬಂತು, ಅಳುವೂ ಬಂತು.

"ನನ್ನ ಗೋಡೌನ್ ಹಿಂದೆ ಒಂದು ಒಳಮೆಟ್ಲಿದೆ. ಅಲ್ಲಿಂದ ಬರ್ಲಿ. ಬೋರ್ಡನ್ನ ಬ್ಲೌಸ್‌ಪೀಸ್ ಕೊಡೋ ಕಡೆ ಹಾಕೋಣ. ಬಟ್ಟೆ ಅಂಗಡಿಗೆ ಯಾಕ್ ಹೋದೆ ಅಂತ ಯಾರೂ ಕೇಳಲ್ಲ."

"ಇದು ಮುಚ್ಚಿಡೋ ವಿಷಯ ಅಲ್ಲ ಅಂತಾನೇ ನಾವು ಓದಿದ್ದು ಅಂಕಲ್."

"ಓದಿದ್ದು ಸರಿ. ಮೊದ್ಲು ಬಂದು ಕೂತ್ಕೊಳ್ಳಲಿ. ನಾಚಿಕೆ ಆಮೇಲೆ ಬಿಡಿಸು."

ಅವತ್ತೇ ಬೋರ್ಡು ಬ್ಲೌಸ್‌ಪೀಸಿನ ಕಡೆಗೆ ಹೋಯಿತು. ಗುರುವಾರ ಆ ಲೈನಿಂಗ್ ಬಟ್ಟೆಯ ಹೆಂಗಸು ಒಳಮೆಟ್ಟಿಲು ಹತ್ತಿ ಬಂದಳು. ರಶ್ಮಿ ಎಂದು ಹೆಸರು ಹೇಳಿ ಹತ್ತು ನಿಮಿಷ ಬಟ್ಟೆಯ ಪೊಟ್ಟಣವನ್ನು ಬಿಚ್ಚಿ ಮಡಿಸುತ್ತ ಕೂತಳು. ಮಾತು ಶುರುವಾದ ಮೇಲೆ ಒಂದು ಗಂಟೆ ನಿಲ್ಲಿಸಲೇ ಇಲ್ಲ. ಏಳುವಾಗ, "ಮುಂದಿನ ವಾರನೂ ಇದೇ ಹೊತ್ತಿಗೆ ಬರ್ಲಾ ಮೇಡಂ?" ಎಂದಳು. ಶುಕ್ರವಾರ ಇಬ್ಬರು ಬಂದರು. ಶನಿವಾರ ಕೋಚಿಂಗ್ ಸೆಂಟರಿನ ಫೋನು ಬಂದಾಗ ಹೇಮಶ್ರೀ, "ಇಲ್ಲ ಸಾರ್, ನಾನು ಬರಲ್ಲ," ಎಂದು ಹೇಳಿ ಇಟ್ಟುಬಿಟ್ಟಳು. ತಲೆಯ ಮೇಲಿನ ಹೊರೆ ಇಳಿಸಿದಂತಾಯಿತು.

ಅಷ್ಟರಲ್ಲಿ ಎರಡು ಲೋಟ ಟೀ ಹಿಡಿದು ಹಾಲಸ್ವಾಮಿ ಮೇಲೆ ಬಂದರು. ಫೋನಿನ ಮಾತು ಅವರ ಕಿವಿಗೂ ಬಿದ್ದಿತ್ತು.

"ಎಷ್ಟು ಸಂಬಳ ಬಿಟ್ಟೆ?"

"ಹದಿನೆಂಟು ಸಾವಿರ."

"ಈ ವಾರದ ಸಂಪಾದನೆ?"

"ಸಾವಿರದೈನೂರು."

"ಅಡ್ಡಿಯಿಲ್ಲ ಮಾರಾಯ್ತಿ! ನಾನು ಅಂಗಡಿ ಹಾಕಿದ ಮೊದಲ್ನೇ ವಾರ ನಾಲ್ಕು ಟವೆಲ್ ಮಾರಿದ್ದೆ. ಅದ್ರಲ್ಲಿ ಎರಡು ನಮ್ಮ ಮಾವನೇ ತಗೊಂಡಿದ್ದು. ಜನ ಬಂದಿದ್ದು ಮನೇಲಿ ಹೇಳಿದ್ಯಾ?"

"ಹೇಳ್ದೆ. ಮೂರು ಜನ ಬಂದ್ರಾ, ನಿಜ್ವಾಗ್ಲೂ ಬಂದ್ರಾ ಅಂತ ಅಪ್ಪ ಊಟ ಮುಗಿಯೋ ತನಕ ಕೇಳ್ತಾನೇ ಇದ್ರು."

ಹಾಲಸ್ವಾಮಿ ನಕ್ಕರು. ನಿಂತುಕೊಂಡೇ ಟೀ ಮುಗಿಸಿದರು. ಕೆಳಗೆ ಗಿರಾಕಿಗಳು ಸೇರಿದ್ದರು. ಸಾಹುಕಾರ್ರೇ ಎಂದು ಯಾರೋ ಎರಡು ಸಲ ಕೂಗಿದರು. ಅವರು ಓಗೊಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹೇಮಶ್ರೀಯ ಎದುರಿನ ಕುರ್ಚಿಯನ್ನು ತಾವೇ ಎಳೆದುಕೊಂಡು ಕೂತು, "ನನಗೂ ಒಂದು ಗಂಟೆ ಕೊಡ್ತೀಯಾಮ್ಮ?" ಎಂದರು.