ಬಾಗಿಲಲ್ಲಿ ನಿಂತ ಚುಕ್ಕಿ

ಗೋಡೆಯೇ ಇಲ್ಲದ, ಬಾಗಿಲು ಮಾತ್ರ ಇರುವ ಒಂದು ಊರಿತ್ತು. ಯಾರು ಬಂದರೂ ಬೆಲ್ಲ, ನೀರು ಕೊಟ್ಟು ಒಳಗೆ ಕರೆಯಲು ಆ ಬಾಗಿಲಲ್ಲಿ ಒಬ್ಬಳು ಹುಡುಗಿ ಕೂತಿರುತ್ತಿದ್ದಳು. ಅಂಥ ಊರಿಗೆ ಕಳ್ಳನೊಬ್ಬ ನುಗ್ಗಿದ್ದಾನೆಂದು ಒಂದು ಮಧ್ಯಾಹ್ನ ಗುಲ್ಲೆದ್ದಿತು.

ಊರಿನ ಹೆಸರು ‘ಯಮುನಾ ಕಟ್ಟೆ’. ದೆಹಲಿ ಕನ್ನಡಿಗರ ವಾಟ್ಸಾಪ್ ಗುಂಪು. ಹುಡುಗಿ ಸ್ಫೂರ್ತಿ, ಮುನಿರ್ಕಾದ ಬಾಡಿಗೆ ಕೋಣೆಯಲ್ಲಿದ್ದುಕೊಂಡು ಸಂಶೋಧನೆ ಮಾಡುತ್ತಿದ್ದವಳು. ಹೊಸಬರನ್ನು ಎದುರುಗೊಳ್ಳುವುದು ಅವಳ ಕೆಲಸ. ಗುಂಪಿನ ಲಿಂಕನ್ನು ಗಲ್ಲಿಯ ಅಂಗಡಿ, ಮೆಸ್ಸುಗಳ ಗೋಡೆಗೆಲ್ಲ ಅಂಟಿಸಿದ್ದವಳೂ ಅವಳೇ. ಯಾರೇ ಬರಲಿ, ಒಳ್ಳೆಯ ಕರಿಬೇವು ಎಲ್ಲಿ ಸಿಗುತ್ತದೆ, ಯಾವ ಮೆಟ್ರೊ ಹತ್ತಬೇಕು ಎಂದು ನಿಮಿಷದೊಳಗೆ ಉತ್ತರಿಸುತ್ತಿದ್ದಳು. ಜೊತೆಗಿದ್ದ ಅನನ್ಯಾ ಕೋಣೆ ಬಿಟ್ಟುಹೋದ ಮೇಲಂತೂ ಉತ್ತರಗಳು ಇನ್ನಷ್ಟು ಬೇಗ ಬರುತ್ತಿದ್ದವು.

ಹೊಸಬನಿಗೆ ಹೆಸರಿರಲಿಲ್ಲ. ಹೆಸರಿನ ಜಾಗದಲ್ಲಿ ಒಂದು ಚುಕ್ಕಿ, ಫೋಟೊ ಇರಬೇಕಾದಲ್ಲಿ ಖಾಲಿ.

“ಸ್ವಾಗತ. ನಿಮ್ಮ ಪರಿಚಯ ಹೇಳಿ. ಏನಾದರೂ ಸಹಾಯ ಬೇಕಿತ್ತಾ?” ಎಂದು ಹಿಂದಿನ ದಿನ ಸ್ಫೂರ್ತಿ ಬರೆದಿದ್ದಳು.

“ನನಗೇನೂ ಬೇಡ. ನಿಮ್ಮ ಊಟ ಆಯ್ತಾ ಮೇಡಂ?”

“ಆಯ್ತು, ಥ್ಯಾಂಕ್ಸ್,” ಎಂದು ನಗುಮುಖವೊಂದನ್ನು ಅಂಟಿಸಿದ್ದಳು.

ಈ ದಿನ ಚುಕ್ಕಿ ಮತ್ತೆ ಅದನ್ನೇ ಕೇಳಿತು. “ಇವತ್ತಾದ್ರೂ ಊಟ ಆಯ್ತಾ ಮೇಡಂ?”

ಗ್ರೇಟರ್ ನೋಯ್ಡಾದ ಮನೋರಮಾ ಸುಮ್ಮನಿರುವ ಹೆಂಗಸಲ್ಲ. “ಅಚ್ಛಾ, ಊರಿಗೆಲ್ಲ ಒಬ್ಬಳೇ ಮೇಡಮ್ಮಾ? ನಾನೂ ಬೆಳಗಿಂದ ಒಂದು ಹಿಡಿ ಉಪ್ಪಿಟ್ಟಲ್ಲೇ ಇದೀನಿ, ನನ್ನನ್ನೂ ಸ್ವಲ್ಪ ವಿಚಾರಿಸಪ್ಪ.” ನಗುವ ಮುಖಗಳು ಸಾಲುಗಟ್ಟಿದವು.

ಚುಕ್ಕಿ ನಗಲಿಲ್ಲ. “ಮೂರನೇ ಮಹಡಿ ಅಲ್ವಾ, ಬಿಸಿಲು ಜಾಸ್ತಿ. ಹುಷಾರಾಗಿರಿ,” ಎಂದು ಬರೆಯಿತು.

ತಾನು ಯಾವ ಮಹಡಿಯಲ್ಲಿದ್ದೇನೆಂದು ಸ್ಫೂರ್ತಿ ಅಲ್ಲಿ ಯಾರಿಗೂ ಹೇಳಿರಲಿಲ್ಲ.

ಕೂಡಲೇ ಇಂದುಶೇಖರರ ಫೋನ್ ಬಂತು. ದ್ವಾರಕಾದಲ್ಲಿದ್ದ ನಿವೃತ್ತ ಅಧಿಕಾರಿ, ಕಟ್ಟೆಯ ಯಜಮಾನರು.

“ತೆಗೆದುಹಾಕಮ್ಮ ಅವನನ್ನ. ಹೆಣ್ಣುಮಕ್ಕಳ ಮನೆ ಹುಡುಕಿಕೊಂಡು ಬರೋ ಜಾತಿ ಅದು.”

“ಯಾರು ಅಂತ ಕೇಳದೇ ಹೇಗೆ ಸರ್ ಹೊರಗೆ ಹಾಕೋದು?”

“ಕೇಳಿದ್ಯಲ್ಲ, ಹೇಳಿದ್ನಾ? ನೋಡು, ಇಂಥದ್ದು ಇನ್ನೊಂದು ಆದ್ರೆ ನಾನು ಕಟ್ಟೆನೇ ಮುಚ್ಚಿಬಿಡ್ತೀನಿ. ಈ ವಯಸ್ಸಲ್ಲಿ ನನಗೆ ಪೊಲೀಸು, ಠಾಣೆ ಎಲ್ಲ ಆಗಲ್ಲ.”

ಕಟ್ಟೆ ಇಲ್ಲದ ಸಂಜೆಯೊಂದನ್ನು ಸ್ಫೂರ್ತಿ ನೆನೆಸಿಕೊಳ್ಳಲು ಹೋದಳು; ಆಗಲಿಲ್ಲ. ಇತ್ತೀಚೆಗೆ ಅವಳು ಮಾತಾಡುತ್ತಿದ್ದುದೆಲ್ಲ ಅಲ್ಲಿಯೇ. ಆದರೆ ಅಜ್ಜಿಯ ಕಥೆಗಳಲ್ಲಿ, ಹೆಸರು ಕೇಳದೆ ಅತಿಥಿಯನ್ನು ಅಟ್ಟಿದ ಮನೆ ಉದ್ಧಾರವಾದದ್ದೇ ಇಲ್ಲ.

“ದೀಪ ಹಚ್ಚೋ ಹೊತ್ತಿನೊಳಗೆ ಅವನು ಯಾರು ಅಂತ ತಿಳ್ಕೊಂಡು ಹೇಳ್ತೀನಿ ಸರ್. ಇಲ್ಲಾಂದ್ರೆ ನಾನೇ ತೆಗೀತೀನಿ. ಮಾತು ಕೊಟ್ಟೆ.”

ಫೋನಿಟ್ಟು, ಮಧ್ಯಾಹ್ನದ ಊಟದ ಡಬ್ಬಿಯನ್ನು ಬಾಗಿಲ ಹೊರಗಿನ ಕೊಕ್ಕೆಗೆ ತೂಗುಹಾಕಿದಳು. ಕೊಕ್ಕೆ ತುಸು ಬಗ್ಗಿತು. ಒಳಗೆ ಬಂದು ಚಿಲಕ ಹಾಕಿ, ಎಳೆದೇ ಇದ್ದ ಪರದೆಯನ್ನು ಇನ್ನಷ್ಟು ಎಳೆದಳು. ಅಮ್ಮನ ಮೆಸೇಜು ಬಂದಿತ್ತು. ‘ಕ್ಯಾಂಪಸ್ಸಿಗೆ ಹೋಗಿದ್ದೆ, ಆರಾಮಿದೀನಿ’ ಎಂದು ಮಲಗಿಕೊಂಡೇ ಬರೆದಳು. ಆಮೇಲೆ ಗುಂಪಿಗೆ ಮರಳಿದಳು.

“ದಯವಿಟ್ಟು ನೀವು ಯಾರು ಅಂತ ಹೇಳಿ. ಇಲ್ಲದಿದ್ದರೆ ಇಲ್ಲಿ ಇರೋಕಾಗಲ್ಲ.”

“ಎಲ್ಲರ ಎದುರು ಹೇಳೋದು ಚೆನ್ನಾಗಿರಲ್ಲ ಮೇಡಂ.”

“ನೋಡಿದ್ರಾ, ಎಲ್ಲರೆದುರು ಆಗಲ್ವಂತೆ,” ಎಂದರು ಮನೋರಮಾ. “ಏಕಾಂತ ಬೇಕಂತೆ ಮಹಾರಾಜರಿಗೆ.”

ಹೊಸಬರು, ಹೆಂಗಸರು ತಮ್ಮೊಳಗೆ ಬೇರೆಯಾಗಿ ಮೆಸೇಜು ಮಾಡಿಕೊಳ್ಳಬಾರದೆಂಬುದು ಕಟ್ಟೆಯ ನಿಯಮ. ಚುಕ್ಕಿ ಅದನ್ನು ಮುರಿದಿರಲಿಲ್ಲ. ಅಷ್ಟೇ ಅದರ ಪರವಾಗಿ ಹೇಳಬಹುದಾದ ಮಾತು.

ಬಿಸಿಲು ಇಳಿಯುವ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಹೆಜ್ಜೆ ಅವಳ ಬಾಗಿಲೆದುರು ನಿಂತಿತು.

ಯಾರೋ ಬಾಗಿಲು ತಟ್ಟಿದರು. ಮೆಲ್ಲಗೆ, ಮತ್ತೆ ಸ್ವಲ್ಪ ಜೋರಾಗಿ.

ಸ್ಫೂರ್ತಿ ಹಾಸಿಗೆಯಿಂದ ಏಳಲಿಲ್ಲ. ಫ್ಯಾನು ಮಾತ್ರ ಕಿರ್ರೆನ್ನುತ್ತಿತ್ತು. ಹೊರಗಿನವನೂ ಕಿವಿಗೊಟ್ಟು ನಿಂತಂತಿತ್ತು. ಬಹಳ ಹೊತ್ತಿನ ಮೇಲೆ ಹೆಜ್ಜೆಗಳು ಇಳಿದುಹೋದವು. ಗಲ್ಲಿಯಲ್ಲಿ ಸ್ಕೂಟರೊಂದು ಕೆಮ್ಮಿದ ಸದ್ದಾಯಿತು.

ಫೋನ್ ಮಿನುಗಿತು. ಗುಂಪಿನಲ್ಲಿ ಚುಕ್ಕಿ: “ಮನೇಲೇ ಇದೀರಲ್ವಾ ಮೇಡಂ?”

ಕಟ್ಟೆ ಹೊತ್ತಿಕೊಂಡಿತು. ಪೊಲೀಸರಿಗೆ ಹೇಳಿ ಎಂದರು ಕೆಲವರು. “ಸ್ಫೂರ್ತಿ, ಈಗಲೇ ತೆಗಿ,” ಎಂದರು ಇಂದುಶೇಖರ.

ಅವಳ ಬೆರಳು ತೆಗೆದುಹಾಕುವ ಗುಂಡಿಯ ಮೇಲೆಯೇ ಇತ್ತು. ಒಮ್ಮೆ ಒತ್ತಿದರೆ ಸಾಕು. ಚುಕ್ಕಿಯೂ ಇಲ್ಲ, ಭಯವೂ ಇಲ್ಲ. ಆದರೆ ಕೊಟ್ಟ ಮಾತು ಇನ್ನೂ ಬಾಕಿ ಇತ್ತು. ಅವನು ಯಾರೆಂದು ತಿಳಿದಿರಲಿಲ್ಲ. ಕಟ್ಟೆಯ ನಿಯಮವನ್ನು ತಾನೇ ಮುರಿದು, ಬೇರೆಯಾಗಿ ಬರೆದಳು.

“ಇಲ್ಲಿ ನಾವಿಬ್ಬರೇ. ಈಗ ಹೇಳಿ, ಯಾರು ನೀವು? ನನ್ನಿಂದ ಏನು ಬೇಕು?”

‘ಟೈಪ್ ಮಾಡುತ್ತಿದ್ದಾರೆ’ ಎಂದು ಕಾಣಿಸಿತು. ನಿಂತಿತು. ಮತ್ತೆ ಕಾಣಿಸಿತು. ಕೆಳಗಿನ ಮನೆಯವರು ದೀಪ ಹಚ್ಚಿ ಗಂಟೆ ಬಾರಿಸಿದರು. ಆಗ ಉತ್ತರ ಬಂತು.

“ನಾನು ಜಯಾನಂದ, ಮೆಸ್ಸಿನವನು. ಹೋದ ವಾರದಿಂದ ನಿಮ್ಮ ಡಬ್ಬಿ ತುಂಬಿದ ಹಾಗೇ ವಾಪಸ್ ಬರ್ತಾ ಇದೆ. ಬಾಗಿಲು ತಟ್ಟಿದ್ರೆ ನೀವು ತೆಗೆಯಲ್ಲ. ಕಟ್ಟೇಲಾದ್ರೆ ಯಾರು ಬಂದ್ರೂ ಬಾಗಿಲು ತೆಗೀತೀರಲ್ಲ, ಅದಕ್ಕೇ ಬಂದೆ.”