ಪುಟದ ಅಂಚಿನಲ್ಲಿ

ತೀರಿಹೋದ ಅಪ್ಪನ ಛಂದಸ್ಸಿನ ಪುಸ್ತಕವನ್ನು ಕಾಲೇಜಿನೆದುರಿನ ಜೆರಾಕ್ಸ್ ಅಂಗಡಿಯ ಮುದುಕ ವರ್ಷಗಟ್ಟಲೆ ನಕಲು ಮಾಡಿ ಮಾರಿದ್ದ. ಪುಸ್ತಕದ ಹಕ್ಕು ಈಗ ಮಗಳದ್ದು. ಅಪ್ಪನ ಬೆವರು ಕದ್ದವನನ್ನು ಬಿಡಬಾರದೆಂದು ಹಟ ಹಿಡಿದು ಅವಳೇ ದಾವೆ ಹೂಡಿದ್ದಳು.

"ಮೊದಲ ನಕಲು ತೆಗೆದವರು ಯಾರು?" ನ್ಯಾಯಾಧೀಶರು ಕೇಳಿದರು.

"ನಾನೇ ಸ್ವಾಮಿ. ಕೊಳ್ಳೋಕಾಗದ ಹುಡುಗರಿಗೆ ಕಾಗದದ ಖರ್ಚಿಗೇ ಕೊಟ್ಟೆ."

"ಯಾರಾದರೂ ಹೇಳಿ ಮಾಡಿಸಿದರೇ?"

ಮುದುಕ ತಲೆ ತಗ್ಗಿಸಿದ. "ಯಾರೂ ಇಲ್ಲ. ತಪ್ಪೆಲ್ಲ ನಂದೇ."

"ನಮ್ಮಪ್ಪ ಇದ್ದಿದ್ರೆ ಎಷ್ಟು ನೊಂದ್ಕೋತಿದ್ರು ಗೊತ್ತಾ?" ಅವಳಿಗೆ ತಡೆಯಲಾಗಲಿಲ್ಲ.

ಅವಳ ವಕೀಲರು ನಗುತ್ತ ಎದ್ದರು. "ಕಳ್ಳ ಗುರುತು ಬಿಟ್ಟಿದ್ದಾನೆ ಸ್ವಾಮಿ. ಮೊದಲ ನಕಲಿಗೆ ಮೂಲ ಪುಸ್ತಕವನ್ನು ಗಾಜಿಗೆ ಒತ್ತಿ ಹಿಡಿದ ಹೆಬ್ಬೆರಳು, ಅದರಿಂದ ತೆಗೆದ ಪ್ರತಿಯೊಂದು ನಕಲಿನಲ್ಲೂ ಮೂಡಿದೆ. " ಒಂದು ನಕಲು ಹಾಳೆಯನ್ನು ಅವಳ ಕೈಗಿತ್ತರು. "ಇದು ನಿಮ್ಮ ತಂದೆಯವರ ಪುಸ್ತಕದ ಪುಟವೇ ತಾನೆ? ನೋಡಿ ಹೇಳಿ ಮೇಡಂ."

"ನೋಡ್ಬೇಡಿ ತಾಯಿ," ಮುದುಕ ಗಾಬರಿಯಿಂದ ಕೈಮುಗಿದ. "ನಾನು ಒಪ್ಕೊಂಡಿದೀನಲ್ಲ!"

ಅವಳು ಹಾಳೆಯನ್ನು ಬೆಳಕಿಗೆ ಹಿಡಿದಳು. ಅಂಚಿನಲ್ಲಿದ್ದ ಹೆಬ್ಬೆರಳಿನ ಉಗುರು ನಡುವೆ ಸೀಳಿಕೊಂಡಿತ್ತು.

ಚಿಕ್ಕವಳಿದ್ದಾಗ ಸಿಟ್ಟಿನಿಂದ ಬಾಗಿಲು ಬಡಿದು, ಅವಳೇ ಜಜ್ಜಿದ್ದ ಅಪ್ಪನ ಹೆಬ್ಬೆರಳು ಅದು.